ಕೆಳಗೆ ಯೂನಿಟ್, ಮೇಲೆ ಮನೆ, ಎರಡಕ್ಕೂ ಒಂದೇ ವೈಫೈ: ಭದ್ರತೆ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಸರ್, ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನಮ್ಮದು ಚಿಕ್ಕ ಜೀನ್ಸ್ ಹೊಲಿಗೆ ಯೂನಿಟ್. ಕೆಳಗೆ ಯೂನಿಟ್, ಮೇಲೆ ಮನೆ. ಫೈಬರ್ ಬಾಕ್ಸ್ ಮೇಲಿದೆ. ಕೆಳಗೆ ಸಿಗ್ನಲ್ ಬರಲ್ಲ ಅಂತ ಸಿಸಿಟಿವಿ ಹಾಕಿದವರೇ ಒಂದು ಕೇಬಲ್ ಎಳೆದು ಕೆಳಗೆ ವೈಫೈ ಹರಡೋ ಆಕ್ಸೆಸ್ ಪಾಯಿಂಟ್ ಡಬ್ಬಿ ಕೂರಿಸಿ ಹೋದರು. ಪಾಸ್‌ವರ್ಡ್ ಅಂದರೆ ಅಂಗಡಿ ಹೆಸರು, ಅದರ ಮುಂದೆ 123. ಕೆಲಸದ ಹುಡುಗರು, ಜಾಬ್ ವರ್ಕ್ ತರುವವರು, ಅಕ್ಕಪಕ್ಕದವರು ಎಲ್ಲರಿಗೂ ಗೊತ್ತು. ಮೊನ್ನೆ ಆ್ಯಪ್‌ನಲ್ಲಿ ನೋಡಿದರೆ 31 ಹೆಸರು ತೋರಿಸ್ತಿತ್ತು. ನಾವು ಎಲ್ಲ ಸೇರಿ ಇರೋದೇ 14 ಜನ. ಲೆಕ್ಕದ ಕಂಪ್ಯೂಟರ್, ಸಿಸಿಟಿವಿ ರೆಕಾರ್ಡ್ ಮಾಡೋ ಡಿವಿಆರ್ ಎರಡೂ ಮೇಲೆ ಮನೆಯಲ್ಲಿವೆ, ಅದೇ ನೆಟ್‌ನಲ್ಲಿ. ವೈಫೈ ಹೆಸರು ಅಡಗಿಸಿ ಮ್ಯಾಕ್ ಲಾಕ್ ಹಾಕಿದರೆ ಸಾಕು ಅಂತ ಒಬ್ಬರು ಹೇಳಿದರು. ಹೌದಾ? ಹುಡುಗರಿಗೆ ನೆಟ್ ನಿಲ್ಲಿಸೋಕೆ ಮನಸ್ಸಿಲ್ಲ.

ಉತ್ತರ: ನಿಲ್ಲಿಸಬೇಡಿ. ಇಡೀ ದಿನ ಮಿಷಿನ್ ಮುಂದೆ ಕೂರುವ ಹುಡುಗರು ಊಟದ ಹೊತ್ತಿಗೆ ಮನೆಗೆ ವಿಡಿಯೊ ಕಾಲ್ ಮಾಡಿಕೊಳ್ಳಲಿ. ಅವರಿಗೂ ನೆಟ್ ಸಿಗಬೇಕು, ನಿಮ್ಮ ಲೆಕ್ಕವೂ ಭದ್ರವಾಗಿರಬೇಕು. ಇದಕ್ಕೆ ದಾರಿ ಇದೆ, ಖರ್ಚೂ ಜಾಸ್ತಿ ಇಲ್ಲ.

ಮೊದಲು ಆ 31ರ ಭಯ ಸ್ವಲ್ಪ ಇಳಿಸಿಕೊಳ್ಳಿ. 31 ಹೆಸರು ಅಂದರೆ 31 ಜನ ಎಂದು ಅರ್ಥ ಅಲ್ಲ. ಟಿವಿ, ಪ್ರಿಂಟರ್, ಡಿವಿಆರ್ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಎಷ್ಟೋ ಬಾಕ್ಸ್‌ಗಳು ಹೋದ ವಾರ ಬಂದು ಹೋದ ಫೋನನ್ನೂ ಪಟ್ಟಿಯಲ್ಲಿ ಉಳಿಸಿಕೊಂಡಿರುತ್ತವೆ. ಜೊತೆಗೆ 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಬಂದ ಮೇಲೆ ಫೋನುಗಳು ಸಾಮಾನ್ಯವಾಗಿ ತಮ್ಮ ನಿಜವಾದ ಮ್ಯಾಕ್ ವಿಳಾಸ, ಅಂದರೆ ನೆಟ್‌ನಲ್ಲಿ ಒಂದೊಂದು ಸಾಧನವನ್ನೂ ಗುರುತಿಸುವ ನಂಬರ್, ತೋರಿಸುವುದಿಲ್ಲ. ಒಂದೊಂದು ವೈಫೈಗೆ ಒಂದೊಂದು ಹೊಸ ವಿಳಾಸ ಹುಟ್ಟಿಸಿಕೊಳ್ಳುತ್ತವೆ. ಹಾಗಾಗಿ ಫೈಬರ್ ಬಾಕ್ಸಿನ ವೈಫೈಗೂ ಕೆಳಗಿನ ಆಕ್ಸೆಸ್ ಪಾಯಿಂಟಿಗೂ ಬೇರೆ ಬೇರೆ ಹೆಸರಿದ್ದರೆ, ಮೇಲೆ ಕೆಳಗೆ ಓಡಾಡುವ ಒಂದೇ ಫೋನ್ ಎರಡು ಸಾಲಾಗಿ ಕಾಣಬಹುದು. ಪಟ್ಟಿಯಲ್ಲಿ ಮ್ಯಾಕ್ ವಿಳಾಸದ ಎರಡನೇ ಅಕ್ಷರ ನೋಡಿ. ಅದು 2, 6, ಎ ಅಥವಾ ಇ ಆಗಿದ್ದರೆ ಅದು ಫೋನ್ ತಾನೇ ಹುಟ್ಟಿಸಿಕೊಂಡ ವಿಳಾಸ.

ಪಟ್ಟಿಯಲ್ಲಿ ಬರೆದಿಟ್ಟ ವಿಳಾಸಗಳನ್ನು ಮಾತ್ರ ಒಳಗೆ ಬಿಡುವ ಮ್ಯಾಕ್ ಲಾಕ್ ಯಾಕೆ ಪ್ರಯೋಜನಕ್ಕೆ ಬರುವುದಿಲ್ಲ ಎನ್ನುವುದಕ್ಕೆ ಇದು ಅರ್ಧ ಉತ್ತರ. ಒಬ್ಬ ಹುಡುಗ ಫೋನ್ ರಿಸೆಟ್ ಮಾಡಿದರೆ ಹೊಸ ವಿಳಾಸ ಬರುತ್ತದೆ, ಅವನಿಗೆ ನೆಟ್ ನಿಲ್ಲುತ್ತದೆ, ನಿಮ್ಮ ಹತ್ತಿರ ಬರುತ್ತಾನೆ. ಇನ್ನರ್ಧ ಏನೆಂದರೆ, ಪಾಸ್‌ವರ್ಡ್ ಎಷ್ಟೇ ಗಟ್ಟಿ ಇರಲಿ, ಮ್ಯಾಕ್ ವಿಳಾಸ ಗಾಳಿಯಲ್ಲಿ ಬಿಚ್ಚುಬಿಚ್ಚಾಗಿಯೇ ಓಡಾಡುತ್ತದೆ. ಕದಿಯಬೇಕು ಎನ್ನುವವನು ಒಳಗಿರುವ ಒಂದು ಫೋನಿನ ವಿಳಾಸ ನೋಡಿಕೊಂಡು ಅದನ್ನೇ ಹಾಕಿಕೊಂಡು ಬರುತ್ತಾನೆ. ಅಂದರೆ ನಿಮ್ಮ ಹುಡುಗರಿಗೆ ತೊಂದರೆ, ಕಳ್ಳನಿಗೆ ಇಲ್ಲ.

ವೈಫೈ ಹೆಸರು ಅಡಗಿಸುವುದೂ ಹಾಗೇ. ಆಕ್ಸೆಸ್ ಪಾಯಿಂಟ್ ಹೆಸರು ಹೇಳುವುದನ್ನು ನಿಲ್ಲಿಸುತ್ತದೆ, ಸರಿ. ಆದರೆ ಅಡಗಿಸಿದ ಹೆಸರನ್ನು ಸೇವ್ ಮಾಡಿಕೊಂಡ ಫೋನ್ ಹೋದಲ್ಲೆಲ್ಲ "ನೀನು ಇದ್ದೀಯಾ?" ಎಂದು ಆ ಹೆಸರು ಹಿಡಿದು ಕೂಗುತ್ತಿರುತ್ತದೆ. ನಿಮ್ಮ ಹುಡುಗ ಗುಂತಕಲ್ ರೈಲಿನಲ್ಲಿ ಕೂತಾಗಲೂ ಅವನ ಫೋನ್ ನಿಮ್ಮ ಅಂಗಡಿ ಹೆಸರು ಕೂಗುತ್ತಿರಬಹುದು. ಹೆಸರು ಕಾಣಲಿ ಬಿಡಿ.

ಈಗ ನಿಜವಾದ ತೊಂದರೆಗೆ ಬರೋಣ. ಪಾಸ್‌ವರ್ಡ್ ಯಾರಿಗೆ ಗೊತ್ತು ಎನ್ನುವುದರ ಮೇಲೆ ಎಲ್ಲರ ಗಮನ ಇರುತ್ತದೆ. ನಾನು ಮೊದಲು ಕೇಳುವುದು, ಪಾಸ್‌ವರ್ಡ್ ಗೊತ್ತಿದ್ದವನು ಒಳಗೆ ಬಂದ ಮೇಲೆ ಅವನ ಕೈ ಎಲ್ಲಿಯವರೆಗೆ ಹೋಗುತ್ತದೆ ಎಂದು. ನಿಮ್ಮಲ್ಲಿ ಕೆಳಗೆ ವೈಫೈ ಹಿಡಿದವನು ಮೇಲಿನ ಡಿವಿಆರ್ ಬಾಗಿಲು ತಟ್ಟಬಹುದು. ಲೆಕ್ಕದ ಕಂಪ್ಯೂಟರಿನಲ್ಲಿ ಯಾವುದಾದರೂ ಫೋಲ್ಡರ್ ಶೇರ್ ಆಗಿದ್ದರೆ ಅದೂ ಕಾಣುತ್ತದೆ. ಫೈಬರ್ ಬಾಕ್ಸಿನ ಅಡ್ಮಿನ್ ಪುಟವೂ ತೆರೆಯುತ್ತದೆ. ನಿಮ್ಮ ಹುಡುಗರು ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಅವರಲ್ಲಿ ಒಬ್ಬನ ಫೋನಿನಲ್ಲಿ ಅವನಿಗೇ ಗೊತ್ತಿಲ್ಲದೆ ಒಂದು ಕೆಟ್ಟ ಆ್ಯಪ್ ಇದ್ದರೂ ಸಾಕು, ಅದು ಇಷ್ಟನ್ನೂ ತಾನೇ ಹುಡುಕುತ್ತದೆ.

ನಮ್ಮ ಕಡೆ ಮನೆಗಳಲ್ಲಿ ಬಂದವರನ್ನು ಪಡಸಾಲೆಯಲ್ಲಿ ಕೂರಿಸಿ ನೀರು, ಚಹಾ ಕೊಡುತ್ತೇವೆ. ತಿಜೋರಿ ಇರುವ ಕೋಣೆಗೆ ಕರೆದುಕೊಂಡು ಹೋಗುವುದಿಲ್ಲ, ಅಲ್ವಾ? ನಿಮ್ಮ ನೆಟ್‌ನಲ್ಲಿ ಈಗ ಪಡಸಾಲೆಯೂ ಒಳಕೋಣೆಯೂ ಒಂದೇ ಆಗಿದೆ. ನಡುವೆ ಗೋಡೆ ಕಟ್ಟಬೇಕು.

ಇದಕ್ಕೆ ಗೆಸ್ಟ್ ನೆಟ್‌ವರ್ಕ್ ಎಂಬ ಸೆಟ್ಟಿಂಗ್ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಆದರೆ ಇಲ್ಲಿ ಒಂದು ಮೋಸ ಆಗುತ್ತದೆ. ಗೆಸ್ಟ್ ನೆಟ್‌ವರ್ಕ್ ಮುಖ್ಯ ರೂಟರ್‌ನಲ್ಲೇ ಇದ್ದರೆ ಸಾಮಾನ್ಯವಾಗಿ ಸರಿಯಾಗಿ ಕೆಲಸ ಮಾಡುತ್ತದೆ. ಕೆಳಗೆ ಇರುವಂತಹ, ಬರೀ ಆಕ್ಸೆಸ್ ಪಾಯಿಂಟ್ ಆಗಿ ಓಡುವ ಅಗ್ಗದ ಡಬ್ಬಿಯಲ್ಲಿ ಅದು ಎಷ್ಟೋ ಸಲ ಹೆಸರಿಗೆ ಮಾತ್ರ. ಹೊಸ ಹೆಸರು, ಹೊಸ ಪಾಸ್‌ವರ್ಡ್ ಕೊಡುತ್ತದೆ, ಆದರೆ ಆ ಫೋನುಗಳನ್ನು ಅದೇ ಕೇಬಲ್ ಮೇಲೆ, ಅದೇ ನೆಟ್‌ಗೆ ಬಿಡುತ್ತದೆ. ಎಪಿ ಐಸೊಲೇಶನ್ ಎಂಬ ಇನ್ನೊಂದು ಗುಂಡಿ ಇರುತ್ತದೆ. ಅದು ಒಂದು ಫೋನ್ ಇನ್ನೊಂದು ಫೋನನ್ನು ನೋಡದಂತೆ ತಡೆಯುತ್ತದೆ. ಒಳ್ಳೆಯದೇ, ಆನ್ ಮಾಡಿ. ಆದರೆ ಕೇಬಲ್ ಮೂಲಕ ಕೂತಿರುವ ನಿಮ್ಮ ಡಿವಿಆರ್‌ಗೆ ಅದರಿಂದ ಸಾಮಾನ್ಯವಾಗಿ ರಕ್ಷಣೆ ಸಿಗುವುದಿಲ್ಲ.

ಹಾಗಾಗಿ ನಾನು ಹೇಳುವುದು ಇನ್ನೊಂದು ಸಾದಾ ರೂಟರ್ ತರುವುದು. ದುಬಾರಿಯದು ಬೇಡ. ಅದನ್ನು ಎಲ್ಲಿ ಇಡಬೇಕು ಎನ್ನುವುದರಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಹೊಸ ರೂಟರನ್ನು ಹುಡುಗರಿಗೆ ಕೊಟ್ಟು, ತಮ್ಮ ಸಾಮಾನು ಹಳೆಯ ಫೈಬರ್ ಬಾಕ್ಸಿನಲ್ಲೇ ಉಳಿಸಿಕೊಳ್ಳುತ್ತಾರೆ. ಆಗ ಗೋಡೆ ತಿರುವುಮುರುವು ಆಗುತ್ತದೆ. ರೂಟರ್ ತನ್ನ ಹಿಂದೆ ಇರುವವರನ್ನು ಮುಂದೆ ಇರುವವರಿಂದ ಕಾಯುತ್ತದೆ. ಹಿಂದಿನಿಂದ ಮುಂದಕ್ಕೆ ಹೋಗುವವರನ್ನು ತಡೆಯುವುದಿಲ್ಲ, ಇಲ್ಲದಿದ್ದರೆ ಇಂಟರ್ನೆಟ್ಟೇ ಬರುವುದಿಲ್ಲವಲ್ಲ. ಹುಡುಗರು ಹೊಸ ರೂಟರ್ ಹಿಂದೆ ಕೂತರೆ ಅವರಿಗೆ ನಿಮ್ಮ ಡಿವಿಆರ್ ಆರಾಮಾಗಿ ಸಿಗುತ್ತದೆ, ನಿಮಗೆ ಅವರ ಫೋನ್ ಸಿಗುವುದಿಲ್ಲ. ಬೇಕಾಗಿದ್ದು ಇದಕ್ಕೆ ಉಲ್ಟಾ.

ಸರಿಯಾದ ಜೋಡಣೆ ಹೀಗೆ. ಫೈಬರ್ ಬಾಕ್ಸಿನ ಒಂದು ಲ್ಯಾನ್ ತೂತಿನಿಂದ ಈಗ ಇರುವ ಕೇಬಲ್ ಕೆಳಗಿನ ಆಕ್ಸೆಸ್ ಪಾಯಿಂಟಿಗೆ ಹೋಗಲಿ. ಅದು ಪಡಸಾಲೆ, ಹುಡುಗರದ್ದು. ಇನ್ನೊಂದು ಲ್ಯಾನ್ ತೂತಿನಿಂದ ಹೊಸ ರೂಟರಿನ ವ್ಯಾನ್ ಎಂದು ಬರೆದ ತೂತಿಗೆ ಕೇಬಲ್ ಹಾಕಿ. ಸಾಮಾನ್ಯವಾಗಿ ಅದು ಬೇರೆ ಬಣ್ಣದಲ್ಲಿರುತ್ತದೆ. ಡಿವಿಆರ್, ಲೆಕ್ಕದ ಕಂಪ್ಯೂಟರ್, ಪ್ರಿಂಟರ್, ಮನೆಯ ಟಿವಿ, ನಿಮ್ಮ ಮನೆಯವರ ಫೋನ್ ಎಲ್ಲ ಈ ಹೊಸ ರೂಟರಿಗೆ. ಅದು ಒಳಕೋಣೆ. ಫೈಬರ್ ಬಾಕ್ಸಿನ ಸ್ವಂತ ವೈಫೈ ಆಫ್ ಮಾಡಿಬಿಡಿ.

ಹೊಸ ರೂಟರನ್ನು ರೂಟರ್ ಮೋಡ್‌ನಲ್ಲೇ ಬಿಡಿ, ಆಕ್ಸೆಸ್ ಪಾಯಿಂಟ್ ಮೋಡ್ ಬೇಡ. ಅದರ ವಿಳಾಸ ಫೈಬರ್ ಬಾಕ್ಸಿನ ವಿಳಾಸದ ಸಾಲಿನಲ್ಲೇ ಇರಬಾರದು. ಫೈಬರ್ ಬಾಕ್ಸ್ 192.168.1.1 ಆಗಿದ್ದರೆ ಹೊಸದಕ್ಕೆ 192.168.50.1 ಕೊಡಿ. ಎರಡೂ ಒಂದೇ ಸಾಲಿನಲ್ಲಿದ್ದರೆ ನೆಟ್ ಗೊಂದಲಕ್ಕೆ ಬೀಳುತ್ತದೆ. ಡಿವಿಆರ್‌ಗೆ ಕೈಯಿಂದ ಹಳೆಯ ವಿಳಾಸ ತುಂಬಿಟ್ಟಿದ್ದರೆ ಅದನ್ನೂ ಹೊಸ ಸಾಲಿಗೆ ಬದಲಾಯಿಸಬೇಕು. ಫೋನಿನ ಆ್ಯಪ್‌ನಲ್ಲಿ ಕ್ಯಾಮೆರಾ ನೋಡುವುದು ಎರಡು ರೂಟರ್ ದಾಟಿಯೂ ಸಾಮಾನ್ಯವಾಗಿ ನಡೆಯುತ್ತದೆ.

ಗೋಡೆ ಆಯಿತು. ಇನ್ನು ಬೀಗದ ಮಾತು.

ಮೊದಲ ಬೀಗ ಅಡ್ಮಿನ್ ಪಾಸ್‌ವರ್ಡ್. ಇದು ವೈಫೈ ಪಾಸ್‌ವರ್ಡ್ ಅಲ್ಲ, ಸೆಟ್ಟಿಂಗ್ ಪುಟದ ಪಾಸ್‌ವರ್ಡ್. ನಿಮ್ಮಲ್ಲಿ ಈಗ ಮೂರು ಡಬ್ಬಿ ಇರುತ್ತವೆ, ಮೂರಕ್ಕೂ ಬದಲಾಯಿಸಿ. ಕೆಳಗಿನದು ಇನ್ನೂ ಅಡ್ಮಿನ್-ಅಡ್ಮಿನ್ ಎಂದೇ ಇರುವ ಸಾಧ್ಯತೆ ಜಾಸ್ತಿ. ಫೈಬರ್ ಬಾಕ್ಸಿನದಂತೂ ಬಿಡಲೇಬೇಡಿ, ಯಾಕೆಂದರೆ ಅದು ಈಗ ಪಡಸಾಲೆಯಲ್ಲೇ ನಿಂತಿದೆ. ಕಂಪನಿಯವರು ಅದನ್ನು ಬದಲಾಯಿಸಲು ಬಿಡದಿದ್ದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಅವರಿಂದಲೇ ಮಾಡಿಸಿ. ಡಿವಿಆರ್ ಪಾಸ್‌ವರ್ಡ್ ಕೂಡ ಇದೇ ದಿನ ಬದಲಾಗಲಿ. 2016ರಲ್ಲಿ ಮಿರಾಯ್ ಎಂಬ ಹುಳು ಜಗತ್ತಿನ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳ ಒಳಗೆ ಹೊಕ್ಕಿತು. ಅದರ ಕೈಯಲ್ಲಿ ಇದ್ದದ್ದು ಕಂಪನಿಯಿಂದ ಬರುವ ಹೆಸರು-ಪಾಸ್‌ವರ್ಡ್‌ಗಳ ಸುಮಾರು 60 ಜೋಡಿ ಅಷ್ಟೇ. ಆ ಡಬ್ಬಿಗಳನ್ನೆಲ್ಲ ಸೇರಿಸಿಕೊಂಡು ನಡೆಸಿದ ದಾಳಿಯಿಂದ ಆ ಅಕ್ಟೋಬರ್‌ನಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂತಹವೂ ಹಲವು ಕಡೆ ಗಂಟೆಗಟ್ಟಲೆ ನಿಂತುಹೋದವು.

ಎರಡನೆಯದು, ಸೆಕ್ಯುರಿಟಿ ಎಂಬ ಜಾಗದಲ್ಲಿ ಏನು ಆರಿಸಬೇಕು ಎನ್ನುವುದು. ವೈಫೈಯಲ್ಲಿ ಓಡಾಡುವುದನ್ನು ಗುಟ್ಟಾಗಿಡುವ ವಿಧಾನಗಳ ಪಟ್ಟಿ ಅದು, ದೊಡ್ಡದಿರುತ್ತದೆ, ಹೆದರಬೇಡಿ. ಡಬ್ಲ್ಯುಇಪಿ 1997ರದ್ದು, 2001ರಲ್ಲೇ ಮುರಿದು ಬಿದ್ದಿದೆ. ಡಬ್ಲ್ಯುಪಿಎ 2003ರದ್ದು, ಅದೂ ಬೇಡ. 2004ರ ಡಬ್ಲ್ಯುಪಿಎ2 ಇವತ್ತಿಗೂ ನಡೆಯುತ್ತದೆ. 2018ರ ಡಬ್ಲ್ಯುಪಿಎ3 ಅದಕ್ಕಿಂತ ಚೆನ್ನ. ಕೆಳಗಿನ ಹಳೆಯ ಡಬ್ಬಿಯಲ್ಲಿ "ಡಬ್ಲ್ಯುಪಿಎ2-ಪಿಎಸ್‌ಕೆ, ಎಇಎಸ್" ಎಂದು ಆರಿಸಿ. ಟಿಕೆಐಪಿ ಎಂಬ ಅಕ್ಷರ ಎಲ್ಲೂ ಇರಬಾರದು. ಅದು ಹಳೆಯದು ಎನ್ನುವುದು ಒಂದು, ಅದನ್ನು ಬಳಸುವಾಗ ವೇಗ 54 ಎಂಬಿಪಿಎಸ್ ದಾಟುವುದಿಲ್ಲ ಎನ್ನುವುದು ಇನ್ನೊಂದು. ಕೆಳಗೆ ನೆಟ್ ನಿಧಾನ ಎಂಬ ದೂರು ಇದ್ದರೆ ಇದನ್ನು ಮೊದಲು ನೋಡಿ. ಮೇಲಿನ ಹೊಸ ರೂಟರಿನಲ್ಲಿ ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಎರಡೂ ಕೂಡಿದ್ದನ್ನು ಇಡಿ. ಬರೀ ಡಬ್ಲ್ಯುಪಿಎ3 ಇಟ್ಟರೆ ಹಳೆಯ ಪ್ರಿಂಟರ್, ಹಳೆಯ ಫೋನ್ ಸೇರುವುದಿಲ್ಲ.

ಮೂರನೆಯದು ವೈಫೈ ಪಾಸ್‌ವರ್ಡ್. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಅಂಗಡಿ ಅಂಗಡಿಗೂ ಮೊಬೈಲ್ ನಂಬರೇ ಪಾಸ್‌ವರ್ಡ್. ನೀವೂ ಈಗ ಬದಲಾಯಿಸಲು ಕೂತರೆ ಮೊದಲು ನೆನಪಾಗುವುದು ಅದೇ.

ಡಬ್ಲ್ಯುಪಿಎ2ದಲ್ಲಿ ಫೋನ್ ವೈಫೈಗೆ ಸೇರುವಾಗ ಎರಡೂ ಕಡೆಯಿಂದ ನಾಲ್ಕು ಸಂದೇಶ ಓಡಾಡುತ್ತವೆ. ಪಾಸ್‌ವರ್ಡ್ ಅದರಲ್ಲಿ ನೇರವಾಗಿ ಇರುವುದಿಲ್ಲ. ಆದರೆ ಒಂದು ಊಹೆ ಸರಿಯೋ ತಪ್ಪೋ ಎಂದು ತಾಳೆ ನೋಡುವಷ್ಟು ಗುರುತು ಇರುತ್ತದೆ. ರಸ್ತೆಯಲ್ಲಿ ನಿಂತವನು ಆ ನಾಲ್ಕು ಸಂದೇಶ ಹಿಡಿದುಕೊಂಡು ಹೋದರೆ ಸಾಕು. ಆಮೇಲೆ ಅವನು ನಿಮ್ಮ ಮನೆ ಹತ್ತಿರ ಬರಬೇಕಾಗಿಲ್ಲ. ತನ್ನ ಕೋಣೆಯಲ್ಲಿ ಕೂತು ಊಹೆ ಮಾಡುತ್ತಾ ಹೋಗುತ್ತಾನೆ, ನಿಮಗೆ ಸುಳಿವೂ ಸಿಗುವುದಿಲ್ಲ. ಈಗಿನ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಊಹೆ ಮಾಡುತ್ತದೆ. ನಮ್ಮ ಮೊಬೈಲ್ ನಂಬರ್ 6, 7, 8 ಅಥವಾ 9ರಿಂದ ಶುರುವಾಗುವ ಹತ್ತು ಅಂಕಿ. ಎಲ್ಲ ಸೇರಿ 400 ಕೋಟಿ ಸಾಧ್ಯತೆ. ಕೇಳಲು ದೊಡ್ಡದು, ಆದರೆ ಲೆಕ್ಕ ಹಾಕಿ: 4,000 ಸೆಕೆಂಡ್. ಒಂದು ಗಂಟೆ ಏಳು ನಿಮಿಷದೊಳಗೆ ದೇಶದ ಅಷ್ಟೂ ನಂಬರ್ ಮುಗಿಯುತ್ತದೆ. ಅಂಗಡಿ ಹೆಸರು ಮತ್ತು 123 ಇದ್ದರೆ ಇಷ್ಟು ಹೊತ್ತೂ ಬೇಡ, ಬೋರ್ಡ್ ಓದಿದವನೇ ಊಹಿಸಬಹುದು. ಡಬ್ಲ್ಯುಪಿಎ3 ಬಂದಿದ್ದೇ ಮುಖ್ಯವಾಗಿ ಹೀಗೆ ಮನೆಗೆ ಒಯ್ದು ಊಹಿಸುವುದನ್ನು ತಡೆಯಲು. ಅದರಲ್ಲಿ ಒಂದೊಂದು ಊಹೆಗೂ ನಿಮ್ಮ ರೂಟರ್ ಹತ್ತಿರವೇ ಬಂದು ಕೇಳಬೇಕು.

ಹಾಗಾದರೆ ಏನು ಇಡಬೇಕು? ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದ ಆರಿಸಿ, ಇಂಗ್ಲಿಷ್ ಅಕ್ಷರದಲ್ಲಿ ಜಾಗ ಬಿಡದೆ ಟೈಪ್ ಮಾಡಿ. ಹುಣಸೆ, ಏಣಿ, ಕನ್ನಡಕ, ಮಳೆಬಿಲ್ಲು, ಹೀಗೆ. 25 ಅಕ್ಷರ ದಾಟುತ್ತದೆ, ಆದರೂ ಅಮ್ಮನಿಗೂ ನೆನಪಿರುತ್ತದೆ. ಇದನ್ನೇ ಇಡಬೇಡಿ, ಇಲ್ಲಿ ಅಚ್ಚಾಗಿಬಿಟ್ಟಿದೆ. ಮನೆದೇವರ ಹೆಸರು, ಮಕ್ಕಳ ಹೆಸರು, ಬೈಕ್ ನಂಬರ್ ಬೇಡ. ಪಡಸಾಲೆಗೆ ಒಂದು, ಒಳಕೋಣೆಗೆ ಇನ್ನೊಂದು. ಒಳಗಿನದು ಮನೆಯವರನ್ನು ಬಿಟ್ಟು ಯಾರಿಗೂ ಹೋಗಬಾರದು. ಆಂಡ್ರಾಯ್ಡ್ 10 ಮತ್ತು ಮುಂದಿನ ಫೋನುಗಳಲ್ಲಿ ಸೇವ್ ಆದ ವೈಫೈ ಮೇಲೆ ಒತ್ತಿ ಶೇರ್ ಎಂದರೆ ಕ್ಯುಆರ್ ಕೋಡ್ ಬರುತ್ತದೆ, ಎಷ್ಟೋ ಫೋನುಗಳಲ್ಲಿ ಅದರ ಕೆಳಗೆ ಪಾಸ್‌ವರ್ಡ್ ಕೂಡ. "ಅವನಿಗೆ ಹೇಳಿಲ್ಲ, ನಾನೇ ಟೈಪ್ ಮಾಡಿ ಕೊಟ್ಟೆ" ಎನ್ನುವುದು ಈಗ ನಡೆಯುವುದಿಲ್ಲ.

ಡಬ್ಲ್ಯುಪಿಎಸ್ ಮೂರೂ ಕಡೆ ಆಫ್ ಮಾಡಿ. ಪಾಸ್‌ವರ್ಡ್ ಬದಲು ಗುಂಡಿ ಒತ್ತಿ ಅಥವಾ ಎಂಟು ಅಂಕಿಯ ಪಿನ್ ಹಾಕಿ ಸೇರಿಸುವ ವ್ಯವಸ್ಥೆ ಅದು. ಪಿನ್‌ನ ಕೊನೆಯ ಅಂಕಿ ಬರೀ ತಾಳೆಗೆ. ಉಳಿದ ಏಳನ್ನೂ ಒಟ್ಟಿಗೆ ನೋಡದೆ, ಮೊದಲು ನಾಲ್ಕು, ಆಮೇಲೆ ಮೂರು ಎಂದು ಬೇರೆ ಬೇರೆ ನೋಡುತ್ತದೆ. ಹೀಗಾಗಿ ಒಂದು ಕೋಟಿ ಸಲ ಯತ್ನಿಸಬೇಕಾದಲ್ಲಿ 11,000 ಸಲ ಸಾಕು ಎಂದು 2011ರಲ್ಲೇ ಬಯಲಾಯಿತು. ಇದು ಆನ್ ಇದ್ದರೆ ಮೇಲೆ ಹೇಳಿದ ಉದ್ದದ ಪಾಸ್‌ವರ್ಡ್ ಸುಮ್ನೆ.

ಒಳಗಿನ ಸಾಧನಗಳು ತಾವೇ ಹೊರಗಿನವರಿಗೆ ಬಾಗಿಲು ತೆರೆಸಿಕೊಳ್ಳುವ ಯುಪಿಎನ್‌ಪಿ, ಹೊರಗಿನಿಂದ ಸೆಟ್ಟಿಂಗ್ ಬದಲಾಯಿಸುವ ರಿಮೋಟ್ ಮ್ಯಾನೇಜ್‌ಮೆಂಟ್ ಎರಡೂ ಆಫ್. ಕ್ಯಾಮೆರಾ ಹಾಕಿದವರು ಪೋರ್ಟ್ ಫಾರ್ವರ್ಡಿಂಗ್ ಎಂಬಲ್ಲಿ ಏನಾದರೂ ತುಂಬಿದ್ದರೆ ಅಳಿಸಿ. ಅದು ರಸ್ತೆಯಿಂದ ನೇರ ಡಿವಿಆರ್‌ಗೆ ಕೊರೆದ ಕಿಟಕಿ. ಸಾಫ್ಟ್‌ವೇರ್ ಅಪ್‌ಡೇಟ್ ಇದ್ದರೆ ಹಾಕಿ, ಕಂಪನಿಯ ಸ್ವಂತ ಸೈಟಿನಿಂದ ಮಾತ್ರ, ಮತ್ತು ಡಬ್ಬಿ ಇನ್ವರ್ಟರ್ ಲೈನಿನಲ್ಲಿದ್ದಾಗ ಮಾತ್ರ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಡಬ್ಬಿ ಕೆಟ್ಟುಹೋಗಬಹುದು.

ಇದನ್ನೆಲ್ಲ ರಜೆ ದಿನ ಮಾಡಿ, ಲ್ಯಾಪ್‌ಟಾಪನ್ನು ಕೇಬಲ್‌ನಿಂದ ಜೋಡಿಸಿಕೊಂಡೇ ಮಾಡಿ. ವೈಫೈ ಮೇಲೆ ಕೂತು ವೈಫೈ ಸೆಟ್ಟಿಂಗ್ ಬದಲಾಯಿಸಿದರೆ ಅರ್ಧದಲ್ಲೇ ಹೊರಗೆ ಬೀಳುತ್ತೀರಿ. ಕೆಳಗಿನ ಡಬ್ಬಿಯ ವಿಳಾಸ ಗೊತ್ತಿಲ್ಲದಿದ್ದರೆ ಫೈಬರ್ ಬಾಕ್ಸಿನ ಪಟ್ಟಿಯಲ್ಲಿ ಹುಡುಕಿ. ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ.

ಫೋಟೊ ಯಾಕೆ ಎಂದರೆ, ಗಂಗಾವತಿಯ ಒಂದು ಅಂಗಡಿಯಲ್ಲಿ ನಾನೇ ಎಲ್ಲ ಸರಿಯಾಗಿ ಮಾಡಿ ಕೊಟ್ಟು ಬಂದಿದ್ದೆ. ಬೇಸಿಗೆಯಲ್ಲಿ ಒಂದು ದಿನ ಕರೆಂಟ್ ಹೋಗಿ ಬಂದ ಮೇಲೆ ನೆಟ್ ಬರಲಿಲ್ಲ. ಅಲ್ಲಿನ ಹುಡುಗ ಸೂಜಿಯಿಂದ ಆಕ್ಸೆಸ್ ಪಾಯಿಂಟಿನ ರಿಸೆಟ್ ಒತ್ತಿದ. ಆ ಒಂದು ಒತ್ತಿಗೆ ನಾವು ಹಾಕಿದ್ದೆಲ್ಲ ಹೋಗಿ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಬಂತು. ವೈಫೈಗೆ ಪಾಸ್‌ವರ್ಡೇ ಇಲ್ಲ, ಅಡ್ಮಿನ್ ಪುಟಕ್ಕೆ ಹಳೆಯ ಅಡ್ಮಿನ್-ಅಡ್ಮಿನ್. ಅಷ್ಟೇ ಅಲ್ಲ, ನಾನು ಆಫ್ ಮಾಡಿದ್ದ ಡಿಎಚ್‌ಸಿಪಿ, ಅಂದರೆ ಫೋನುಗಳಿಗೆ ನೆಟ್ ವಿಳಾಸ ಹಂಚುವ ಕೆಲಸ, ಮತ್ತೆ ಆನ್ ಆಯಿತು. ಈಗ ಫೋನುಗಳಿಗೆ ವಿಳಾಸ ಹಂಚುವವರು ಇಬ್ಬರು. ಅರ್ಧ ಜನಕ್ಕೆ ನೆಟ್ ಬರುತ್ತದೆ, ಅರ್ಧ ಜನಕ್ಕೆ ಇಲ್ಲ. ಮೂರು ದಿನ ಅವರು ನೆಟ್ ಕಂಪನಿಯವರ ಜೊತೆ ಜಗಳ ಆಡಿದ್ದಾರೆ. ನಾನು ಹೋಗಿ ನೋಡಿದಾಗ ಆ ಬಾಗಿಲು ತೆರೆದ ವೈಫೈಯಲ್ಲಿ ಯಾರು ಯಾರೋ ಇದ್ದರು. ನಿಮ್ಮಲ್ಲೂ "ಕೆಲವರಿಗೆ ಬರುತ್ತೆ, ಕೆಲವರಿಗೆ ಬರಲ್ಲ" ಎಂಬ ಮಾತು ಕೇಳಿದ ದಿನ ಮೊದಲು ಕೆಳಗಿನ ಡಬ್ಬಿಯ ವೈಫೈ ಹೆಸರು ಬದಲಾಗಿದೆಯಾ ನೋಡಿ. ಡಬ್ಬಿಯನ್ನು ಕೈಗೆ ಸಿಗದಷ್ಟು ಎತ್ತರದಲ್ಲಿ ಇಡಿ. ಆದರೆ ತಗಡಿನ ಶೀಟಿಗೆ ಅಂಟಿಸಬೇಡಿ, ಬಳ್ಳಾರಿಯ ಏಪ್ರಿಲ್ ಬಿಸಿಗೆ ಅಲ್ಲಿ ಅದು ಬೇಯುತ್ತದೆ. ಹತ್ತಿ ದೂಳನ್ನೂ ಆಗಾಗ ಒರೆಸುತ್ತಿರಿ.

ಇಷ್ಟಾದ ಮೇಲೂ ಪಡಸಾಲೆಯ ಪಾಸ್‌ವರ್ಡ್ ಊರಿಗೆಲ್ಲ ಹಂಚಬೇಡಿ. ಕನೆಕ್ಷನ್ ನಿಮ್ಮ ಹೆಸರಲ್ಲಿದೆ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಗಳ ಹೊತ್ತಿಗೆ ಬಂದ ಬೆದರಿಕೆ ಈಮೇಲ್ ನವಿ ಮುಂಬೈನ ಒಬ್ಬರ ಮನೆಯ ವೈಫೈ ಮೂಲಕ ಹೋಗಿತ್ತು. ಪೊಲೀಸರು ಮೊದಲು ಹೋಗಿ ನಿಂತದ್ದು ಅವರ ಮನೆ ಬಾಗಿಲಿಗೆ. ಕೆಲಸ ಬಿಟ್ಟು ಹೋದವರು ಇದ್ದಾಗ ಕೆಳಗಿನ ಪಾಸ್‌ವರ್ಡ್ ಬದಲಾಯಿಸಿ, ಉಳಿದವರಿಗೆ ಹೊಸದು ಹೇಳಿ. ಗೋಡೆ ಇರುವುದರಿಂದ ಈಗ ಇದು ಎರಡು ನಿಮಿಷದ ಕೆಲಸ. ಡಿವಿಆರ್, ಪ್ರಿಂಟರ್, ಟಿವಿ ಯಾವುದನ್ನೂ ಮತ್ತೆ ಮುಟ್ಟಬೇಕಿಲ್ಲ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಹೊಸ ರೂಟರಿನ ಪುಟದಲ್ಲಿ ಡಿವಿಆರ್ ವಿಳಾಸ ಬರೆದುಕೊಳ್ಳಿ, 192.168.50ರ ಸಾಲಿನಲ್ಲಿ ಇರುತ್ತದೆ. ಕೆಳಗೆ ಹೋಗಿ, ಮೊಬೈಲ್ ಡೇಟಾ ಆಫ್ ಮಾಡಿ, ಹುಡುಗರ ವೈಫೈ ಹಿಡಿಯಿರಿ. ಬ್ರೌಸರ್‌ನಲ್ಲಿ ಆ ವಿಳಾಸ ಹಾಕಿ. ಸುತ್ತಿ ಸುತ್ತಿ ಏನೂ ಬರದಿದ್ದರೆ ಗೋಡೆ ನಿಂತಿದೆ. ಡಿವಿಆರ್‌ನ ಲಾಗಿನ್ ಪುಟ ತೆರೆದುಕೊಂಡರೆ ಮೇಲೆ ಹೋಗಿ ನೋಡಿ, ಕೇಬಲ್ ವ್ಯಾನ್ ತೂತಿನ ಬದಲು ಲ್ಯಾನ್ ತೂತಿಗೆ ಹೋಗಿರುತ್ತದೆ.